ಹೊತ್ತು ನಡೆಯುವ ದೋಣಿ



ದೋಣಿಯ ವಿಷಯ ಮಾತನಾಡಲು ನವಲಗುಂದದ ಕಡೆಯ ಮಾಸ್ತರನೊಬ್ಬ ಬಂದಿದ್ದಾನೆಂದರೆ ನಿಮ್ಮಲ್ಲಿ ಕೆಲವರಾದರೂ ಮುಗುಳುನಕ್ಕಿರಬೇಕು. ನಮ್ಮದು ಎರೆಯ ಸೀಮೆ. ಬೇಸಿಗೆಯಲ್ಲಿ ನೆಲ ಬಾಯಿಬಿಟ್ಟು, ಬಿರುಕಿನಲ್ಲಿ ಕೈ ಇಳಿಸಿದರೆ ಮೊಣಕೈವರೆಗೆ ಹೋಗುತ್ತದೆ. ಮಳೆಗಾಲದಲ್ಲಿ ಅದೇ ನೆಲ ಕಾಲಿಗೆ ಅಂಟಿಕೊಂಡು ಹೆಜ್ಜೆಗೊಂದು ಸೇರು ಮಣ್ಣು ಹೊರಿಸುತ್ತದೆ. ಕುಡಿಯುವ ನೀರಿಗೆಂದು ಕೊಡ ಹೊತ್ತು ಕೆರೆಯ ದಂಡೆಗೆ ನಡೆದ ಊರುಗಳು ನಮ್ಮವು. ಇಂಥ ಊರಿನ ತರಗತಿಯಲ್ಲಿ ಹರಿಗೋಲು ಎಂದರೇನೆಂದು ಕೇಳಿದರೆ, "ದನಾ ಹೊಡಿಯೂ ಕೋಲ್ರೀ ಸರ್" ಎಂಬ ಉತ್ತರ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಹುಡುಗನ ಉತ್ತರ ಪೂರ್ತಿ ತಪ್ಪೆಂದು ನಾನು ಹೇಳಲಾರೆ. ಕೋಲು ಅದರಲ್ಲಿ ಇದೆ. 'ಹರಿ' ಎಂಬುದಕ್ಕೆ 'ಕೋಲು' ಸೇರಿದಾಗ ಕಕಾರಕ್ಕೆ ಗಕಾರ ಬಂದು ಹರಿಗೋಲು ಎಂದಾಗುತ್ತದೆ. ಆದೇಶ ಸಂಧಿಗೆ ಇದೊಂದು ಒಳ್ಳೆಯ ಉದಾಹರಣೆ. ಹರಿಯುವ ನೀರಿನಲ್ಲಿ ಕೋಲಿನಿಂದ ನಡೆಸುವಂಥದು ಎಂದು ಅರ್ಥ ಹೇಳಿದರೆ ಒಪ್ಪುವಂತಿದೆ. ನಮ್ಮ ಕಡೆಯ ಆಡುಮಾತಿನಲ್ಲಿ ಅದು ಹರಗೋಲ. ಹಂಪೆಯ ಕಡೆ ಪುಟ್ಟಿ ಎಂಬ ಹೆಸರೂ ಉಂಟು. ನೋಡಲು ದೊಡ್ಡದೊಂದು ಬುಟ್ಟಿಯೇ ಸರಿ.

ಈ ಬುಟ್ಟಿದೋಣಿಯ ಸ್ವಭಾವ ತಿಳಿಯಬೇಕಾದರೆ ಮೊದಲು ನಮ್ಮ ನೀರಿನ ಸ್ವಭಾವ ತಿಳಿಯಬೇಕು. ಧಾರವಾಡ ಜಿಲ್ಲೆ ಎರಡು ಕಡಲುಗಳಿಗೆ ನೀರು ಹಂಚುವ ನೆಲ. ಕಲಘಟಗಿಯ ಕಡೆ ಬಿದ್ದ ಮಳೆ ಬೇಡ್ತಿಯನ್ನು ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂದು ಹೆಸರು ಬದಲಿಸಿಕೊಂಡು ಪಡುಗಡಲಿಗೆ ಹೋಗುತ್ತದೆ. ಕುಂದಗೋಳ ನವಲಗುಂದಗಳ ಮಳೆ ಬೆಣ್ಣೆಹಳ್ಳವನ್ನು ಸೇರಿ, ಮಲಪ್ರಭೆಗೆ ಕೂಡಿ, ಕೂಡಲಸಂಗಮದಲ್ಲಿ ಕೃಷ್ಣೆಯ ಪಾಲಾಗಿ ಮೂಡಗಡಲಿಗೆ ನಡೆಯುತ್ತದೆ. ಎರಡು ಊರುಗಳ ನಡುವಿನ ಒಂದು ದಿಬ್ಬ, ನೀರು ಯಾವ ಕಡಲಿಗೆ ಹೋಗಬೇಕೆಂಬುದನ್ನು ತೀರ್ಮಾನಿಸುತ್ತದೆ. ಆದರೆ ಈ ಎರಡು ನೀರುಗಳಲ್ಲಿ ಯಾವುದೂ ದೊಡ್ಡ ದೋಣಿಯನ್ನು ವರ್ಷವಿಡೀ ಹೊರುವಂಥದಲ್ಲ. ಬೆಣ್ಣೆಹಳ್ಳ ಹೆಸರಿಗೆ ಬೆಣ್ಣೆ; 2019ರ ಆಗಸ್ಟಿನಲ್ಲಿ ಅದು ಹೊಲ ಮನೆಗಳಿಗೆ ನುಗ್ಗಿದ್ದನ್ನು ನಮ್ಮ ಕಡೆಯವರು ಮರೆತಿಲ್ಲ. ಅದೇ ಹಳ್ಳವನ್ನು ಬೇಸಿಗೆಯಲ್ಲಿ ದನಗಳು ಗೊರಸು ತೋಯಿಸದೆ ದಾಟುವುದೂ ಉಂಟು. ಮಡುವಿನ ಮುಂದೆ ಬಂಡೆ, ಬಂಡೆಯ ಮುಂದೆ ಮರಳು, ಮರಳಿನ ಮುಂದೆ ಮತ್ತೆ ಮಡು. ಕೆರೆಗಳೋ, ಒಂದಕ್ಕೊಂದು ಕೂಡದೆ ಬಿಡಿಬಿಡಿಯಾಗಿ ಬಿದ್ದಿವೆ. ಇಂಥ ಕಡೆ ನೀರಿನ ಮೇಲೆ ಬದುಕುವವನಿಗೆ ಬೇಕಾದದ್ದು ತನ್ನನ್ನು ಹೊರುವ ದೋಣಿ ಮಾತ್ರವಲ್ಲ, ತಾನು ಹೊರಬಲ್ಲ ದೋಣಿ.

ಬಿದಿರಿನ ಸೀಳುಗಳನ್ನು ಅಡ್ಡ ಉದ್ದ ಹೆಣೆದು, ಬಟ್ಟಲಿನಂತೆ ಬಗ್ಗಿಸಿ, ಅಂಚಿಗೆ ದಪ್ಪನೆಯ ಸುತ್ತು ಕಟ್ಟುತ್ತಾರೆ. ಹೊರಮೈಗೆ ಹಿಂದೆ ತೊಗಲು ಹೊಲಿಯುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿ ಹಾಸಿ ಅದರ ಮೇಲೆ ಡಾಂಬರು ಬಳಿಯುತ್ತಾರೆ. ಇತ್ತೀಚೆಗೆ ಫೈಬರಿನ ಹರಿಗೋಲುಗಳೂ ಬಂದಿವೆ. ಅಡಿ ಚಪ್ಪಟೆಯಾದ್ದರಿಂದ ಮೊಣಕಾಲುದ್ದದ ನೀರಿನಲ್ಲೂ ತೇಲುತ್ತದೆ. ಬಂಡೆಗೆ ತಾಗಿದರೆ ಒಡೆಯುವುದಿಲ್ಲ, ಬಾಗಿ ಜಾರಿಕೊಳ್ಳುತ್ತದೆ. ಮೀನು ಹಿಡಿಯುವವರ ಸಣ್ಣ ಹರಿಗೋಲನ್ನು ಒಬ್ಬನೇ ಆಳು ಬೋರಲು ಮಾಡಿ ತಲೆ ಬೆನ್ನುಗಳ ಮೇಲೆ ಹೊತ್ತು ನಡೆಯಬಲ್ಲ.

ದೋಣಿಯನ್ನು ನೆಲದ ಮೇಲೆ ಸಾಗಿಸುವ ಈ ಕಷ್ಟ ನಮಗೊಬ್ಬರಿಗೇ ಬಂದದ್ದಲ್ಲ. ಗ್ರೀಕ್ ಇತಿಹಾಸಕಾರ ಹೆರೊಡೊಟಸ್, ಇಂದಿಗೆ ಸುಮಾರು 2,400 ವರ್ಷಗಳ ಹಿಂದೆ, ಬ್ಯಾಬಿಲೋನಿನ ನದಿಯಲ್ಲಿ ಗುರಾಣಿಯಂತೆ ದುಂಡಗಿನ ತೊಗಲುದೋಣಿಗಳನ್ನು ವರ್ಣಿಸಿದ್ದಾನೆ. ಅವು ಅರ್ಮೇನಿಯದ ಕಡೆಯಿಂದ ಸರಕು ತುಂಬಿಕೊಂಡು ಹೊಳೆಯ ಸೆಳೆತದಲ್ಲಿ ಇಳಿದು ಬರುತ್ತಿದ್ದವು. ಸೆಳೆತಕ್ಕೆ ಎದುರಾಗಿ ಮರಳಿ ಹೋಗುವುದು ಸಾಧ್ಯವಿಲ್ಲ. ಅದಕ್ಕಾಗಿ ಪ್ರತಿ ದೋಣಿಯಲ್ಲಿಯೂ ಒಂದು ಕತ್ತೆ ಪ್ರಯಾಣ ಮಾಡುತ್ತಿತ್ತು! ಊರು ಮುಟ್ಟಿದ ಮೇಲೆ ಸರಕು ಮಾರಿ, ದೋಣಿಯ ಚೌಕಟ್ಟನ್ನೂ ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿ ನೆಲದ ದಾರಿಯಿಂದ ಹಿಂದಿರುಗುತ್ತಿದ್ದರು. ಬರುವಾಗ ದೋಣಿ ಕತ್ತೆಯನ್ನು ಹೊತ್ತರೆ ಹೋಗುವಾಗ ಕತ್ತೆ ದೋಣಿಯನ್ನು ಹೊತ್ತಿತು. ಲೆಕ್ಕ ಸರಿಹೋಯಿತು.

ಉತ್ತರ ಅಮೆರಿಕದ ಮೂಲನಿವಾಸಿಗಳದು ಇನ್ನೊಂದು ಬಗೆ. ಕೆನಡಾದ ಕಾಡುಗಳಲ್ಲಿ ಲೆಕ್ಕವಿಲ್ಲದಷ್ಟು ಸರೋವರಗಳಿವೆ. ಅವುಗಳ ನಡುವೆ ಕಾಡು, ಬಂಡೆ, ಜೌಗು. ಅವರು ಬರ್ಚ್ ಮರದ ತೊಗಟೆಯನ್ನು ಬೇರಿನ ನಾರಿನಿಂದ ಹೊಲಿದು, ಹೊಲಿಗೆಗೆ ಮರದ ಅಂಟು ಬಳಿದು, ಕೆನೂ ಎಂಬ ನೀಳವಾದ ದೋಣಿಯನ್ನು ಮಾಡಿಕೊಂಡರು. ಸರೋವರ ಮುಗಿದಲ್ಲಿ ದೋಣಿಯನ್ನು ಎತ್ತಿ ಹೊತ್ತು, ಮುಂದಿನ ಸರೋವರದಲ್ಲಿ ಇಳಿಸುವುದು. ಹೀಗೆ ಹೊತ್ತು ನಡೆಯುವುದಕ್ಕೂ, ನಡೆಯುವ ದಾರಿಗೂ ಫ್ರೆಂಚರು ಪೋರ್ಟೇಜ್ ಎಂದರು. ತುಪ್ಪುಳುದೊಗಲಿನ ವ್ಯಾಪಾರದ ಕಾಲದಲ್ಲಿ ಸುಪೀರಿಯರ್ ಸರೋವರದಿಂದ ಪಿಜನ್ ನದಿಗೆ ಇದ್ದ ಮಹಾ ಪೋರ್ಟೇಜಿನ ಉದ್ದ ಎಂಟೂವರೆ ಮೈಲಿ, ಎಂದರೆ ಸುಮಾರು 14 ಕಿಲೋಮೀಟರು. ಕೂಲಿಯ ಅಂಬಿಗನೊಬ್ಬ ತಲಾ 90 ಪೌಂಡಿನ ಎರಡು ಗಂಟುಗಳನ್ನು, ಹಣೆಗೆ ತೊಗಲಿನ ಪಟ್ಟಿ ಕೊಟ್ಟು, ಒಂದೇ ಸಲಕ್ಕೆ ಹೊರುತ್ತಿದ್ದನು. ಇಂದು ಅಲ್ಲಿ ಜನ ರಜೆ ಹಾಕಿ, ಗುಡಾರ ಕಟ್ಟಿಕೊಂಡು, ಇದೇ ಹೊರೆಯನ್ನು ಸಂತೋಷಕ್ಕಾಗಿ ಹೊರುತ್ತಾರೆ. ನಮ್ಮಲ್ಲಿ ಅದು ಇನ್ನೂ ಹೊಟ್ಟೆಯ ಹೊರೆ.

ನಮ್ಮ ಹರಿಗೋಲಿಗೂ ಚರಿತ್ರೆ ಕಡಿಮೆಯಿಲ್ಲ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗುಂದಿಗೆ ದಾಟಲು ಬೆತ್ತದಿಂದ ಹೆಣೆದು ತೊಗಲು ಹೊದಿಸಿದ ದುಂಡು ದೋಣಿಗಳಿದ್ದುವೆಂದೂ, ಒಂದೊಂದರಲ್ಲಿ 15-20 ಜನ ಹಿಡಿಯುತ್ತಿದ್ದರೆಂದೂ, ಅವು ನೆಟ್ಟಗೆ ಹೋಗದೆ ಸದಾ ಗಿರಿಗಿರಿ ತಿರುಗುತ್ತಿದ್ದುವೆಂದೂ ಬರೆದಿದ್ದಾನೆ. ಧೋಂಡಿಯ ವಾಘನನ್ನು 1800ರಲ್ಲಿ ಈ ಸೀಮೆಯಲ್ಲೆಲ್ಲ ಅಟ್ಟಿಕೊಂಡು ತಿರುಗಿದ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನನ್ನು ಸೋಲಿಸಿದವನು, ನಮ್ಮ ಹೊಳೆಗಳ ಮುಂದೆ ಕೈಕಟ್ಟಿ ನಿಲ್ಲಬೇಕಾಯಿತು. ಅವನ ಪತ್ರವ್ಯವಹಾರದಲ್ಲಿ ತೋಪು ಮದ್ದುಗಳ ಜೊತೆಗೆ ಬುಟ್ಟಿದೋಣಿಗಳ ಮಾತೂ ಮತ್ತೆ ಮತ್ತೆ ಬರುತ್ತದೆ. ಇವರೆಲ್ಲರಿಗೂ ಹಿಂದೆ, 12ನೆಯ ಶತಮಾನದಲ್ಲಿ, ತುಂಗಭದ್ರೆಯ ದಂಡೆಯ ಅಂಬಿಗರ ಚೌಡಯ್ಯ ತನ್ನ ಕಾಯಕದ ಹೆಸರನ್ನೇ ವಚನಗಳಿಗೆ ಅಂಕಿತ ಮಾಡಿಕೊಂಡ. ಅವನ ಹೆಸರಿನ ಚೌಡದಾನಪುರ 1997ರವರೆಗೆ ನಮ್ಮ ಧಾರವಾಡ ಜಿಲ್ಲೆಯಲ್ಲಿಯೇ ಇತ್ತು. ಈಗ ಹಾವೇರಿಗೆ ಸೇರಿದೆ.

ಪುಸ್ತಕದ ಮಾತು ಇಷ್ಟು ಸಾಕು. ಕೆಲವು ವರ್ಷಗಳ ಹಿಂದೆ, ದಸರೆಯ ರಜೆಯ ಕೊನೆಯ ಮೂರು ದಿನ, ನಾನು ಒಂದು ಹರಿಗೋಲಿನ ಸಂಗಡ ಕಲಘಟಗಿ ಸೀಮೆಯಲ್ಲಿ ನಡೆದೆ. ಕಲಘಟಗಿ ನಮ್ಮ ಜಿಲ್ಲೆಯದೇ ಆದರೂ ಎರೆಯ ಸೀಮೆಯವನಿಗೆ ಬೇರೆ ದೇಶ. ಮಳೆ ಹೆಚ್ಚು, ಬತ್ತದ ಗದ್ದೆ, ಸಾಗವಾನಿಯ ಅಡವಿ. ತಂಬೂರು ದೇವಿಕೊಪ್ಪಗಳ ಆಸುಪಾಸಿನಲ್ಲಿ ಅಡವಿಯ ಅಂಚಿಗೆ ಅಲ್ಲೊಂದು ಇಲ್ಲೊಂದು ಕೆರೆ. ಅಂಥ ಕೆರೆಗಳಲ್ಲಿ ಗುತ್ತಿಗೆದಾರನೊಬ್ಬನ ಪರವಾಗಿ ಮೀನು ಹಿಡಿಯಲು ತುಂಗಭದ್ರೆಯ ದಂಡೆಯಿಂದ ಒಂದು ಸಂಸಾರ ಬಂದಿತ್ತು. ಗಂಡ, ಹೆಂಡತಿ, ಹನ್ನೆರಡು ವರ್ಷದ ಮಗ. ಜೊತೆಗೆ ಬರಲೇ ಎಂದು ಕೇಳಿದೆ. ಆತ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ಬರ್ರಿ ಗುರುಗಳ. ಆದ್ರ ಹರಗೋಲದಾಗ ಕುಂಡ್ರೂದು ನೀರಾಗ ಅಷ್ಟ. ಅಡಿವ್ಯಾಗ ಹರಗೋಲನ ನಮ್ಮ ಮ್ಯಾಲ ಕುಂಡ್ರತೈತಿ" ಎಂದ.

ಮೊದಲ ಸಂಜೆ ಬಲೆ ಬಿಡಲು ಹೋದೆವು. ನಿಲ್ಲಬಾರದು, ಅಂಚಿಗೆ ಒರಗಬಾರದು, ನಡುಮಗ್ಗುಲಿಗೆ ಕಾಲು ಮಡಿಸಿ ಕೂರಬೇಕು. ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಹುಟ್ಟು ಹಾಕುವವನು ಯಾವ ಕಡೆ ಮೊಣಕಾಲೂರಿದನೋ ಅದೇ ಮುಂದು. ಅವನು ಹುಟ್ಟನ್ನು ಎದುರಿಗೇ ನೀರಿಗಿಳಿಸಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತನ್ನತ್ತ ಸೆಳೆದುಕೊಳ್ಳುತ್ತಾನೆ. ತಿರುಗಬೇಕೆನ್ನುವ ಬುಟ್ಟಿಯನ್ನು ಹೀಗೆ ಹೆಜ್ಜೆಹೆಜ್ಜೆಗೂ ಒಲಿಸಿಕೊಂಡು ಹೋಗಬೇಕು. ಪಾಯೆಸನ ಕಾಲದ ಅಂಬಿಗರು ಅತಿಥಿಗಾಗಿ ಸ್ವಲ್ಪ ಹೆಚ್ಚಾಗಿಯೇ ತಿರುಗಿಸಿದ್ದರೋ ಏನೋ ಎಂಬ ಸಂಶಯ ನನಗೆ ಬಂತು. ಕೆರೆಗೆ ಅಡ್ಡಲಾಗಿ ಬಲೆ ಕಟ್ಟಿ ದಂಡೆಗೆ ಬಂದೆವು. ಹರಿಗೋಲನ್ನು ಬೋರಲು ಹಾಕಿ, ಒಂದು ಅಂಚನ್ನು ಹುಟ್ಟಿನ ಮೇಲೆ ಎತ್ತಿ ನಿಲ್ಲಿಸಿದರೆ ಅದೇ ಮನೆ. ಆ ರಾತ್ರಿ ಮಳೆ ಬಂತು. ತಲೆಯ ಮೇಲೆ ಡಾಂಬರಿನ ವಾಸನೆ, ಕೆಳಗೆ ಹಸಿ ಹುಲ್ಲು. ಮಳೆಯ ಹನಿಗಳು ಡೊಳ್ಳು ಬಾರಿಸಿದಂತೆ ಬಾರಿಸಿದವು. ಒಳಗೆ ಮಾತ್ರ ಒಂದು ಹನಿ ಇಳಿಯಲಿಲ್ಲ. ನಾನು ಮೀನು ತಿನ್ನುವವನಲ್ಲ. ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಚಟ್ನಿಯನ್ನು ಬಿಚ್ಚಿದೆ. ಹುಡುಗ ತನ್ನ ಪಾಲಿನ ಸಾರು ಬಿಟ್ಟು ನನ್ನ ಚಟ್ನಿಗೆ ಕೈಚಾಚಿದ.

ಬೆಳಗಿಗೆ ಬಲೆ ಎತ್ತಿದಾಗ ಕಟ್ಲಾ, ರೋಹು ಸಾಕಷ್ಟು ಬಿದ್ದಿದ್ದವು. ಅವನ್ನು ಗುತ್ತಿಗೆದಾರನ ಗಾಡಿ ಒಯ್ದಿತು. ಇನ್ನು ಮುಂದಿನ ಕೆರೆ. ಆದರೆ ಕೂಡಲೆ ಹೊರಡಲಿಲ್ಲ. ತೊಯ್ದ ಹರಿಗೋಲು ಬಹಳ ಭಾರ. ಬಿದಿರು ನೀರು ಕುಡಿದಿರುತ್ತದೆ. ಬಿಸಿಲಿಗೆ ಬೋರಲು ಹಾಕಿ ಒಂದೆರಡು ತಾಸು ಒಣಗಿಸಿದರು. ನಡುವೆ ಹಗ್ಗ ಕಟ್ಟಿ, ಆತ ಕುಳಿತುಕೊಂಡೇ ಅದರೊಳಗೆ ತೂರಿ, ಹಗ್ಗವನ್ನು ಎದೆಗೆ ಕೊಟ್ಟು ಎದ್ದುನಿಂತಾಗ, ಕಾಲು ಬಂದ ಆಮೆಯೊಂದು ಎದ್ದಂತೆ ಕಂಡಿತು. ಹೆಂಡತಿಯ ತಲೆಯ ಮೇಲೆ ಬಲೆಗಳ ಗಂಟು, ಕಂಕುಳಲ್ಲಿ ಅಡಿಗೆಯ ಸಾಮಾನು. ನನ್ನ ಪಾಲಿಗೆ ನನ್ನ ಚೀಲ ಮತ್ತು ಒಂದು ಅಲ್ಯುಮಿನಿಯಂ ಪಾತೇಲಿ. ಹುಡುಗ ಹುಟ್ಟನ್ನು ಹೆಗಲಿಗೇರಿಸಿ ಎಲ್ಲರಿಗಿಂತ ಮುಂದೆ ನಡೆದ.

ಅವನು ಯಾಕೆ ಮುಂದೆ ಎಂಬುದು ನನಗೆ ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು. ಹರಿಗೋಲು ಹೊತ್ತವನಿಗೆ ತನ್ನ ಪಾದಗಳು, ಪಾದದ ಮುಂದಿನ ಮೊಳ ನೆಲ, ಇಷ್ಟೇ ಕಾಣುವುದು. ಉಳಿದದ್ದೆಲ್ಲ ಬಿದಿರಿನ ಕತ್ತಲೆ. ಹುಡುಗ ಹಿಂದಿರುಗಿ ನೋಡದೆಯೇ ಕೂಗುತ್ತಿದ್ದ: "ಕಲ್ಲ", "ತೆಗ್ಗ", "ಎಡಕ್ಕ ಟೊಂಗಿ", "ಬಾಗು ಅಪ್ಪಾ". ಒಂದೊಂದು ಕೂಗಿಗೂ ಆ ದೊಡ್ಡ ಬೋರಲು ಬುಟ್ಟಿ ವಾಲುತ್ತಿತ್ತು, ತಗ್ಗುತ್ತಿತ್ತು, ಓರೆಯಾಗಿ ಎರಡು ಮರಗಳ ನಡುವೆ ನುಸುಳುತ್ತಿತ್ತು. ಅಡವಿ ದಾಟಿ ಗದ್ದೆಯ ಬದುವಿಗೆ ಬಂದಾಗ ಕಷ್ಟ ಬೇರೆ ಬಗೆಯದು. ಅಲ್ಲಿ ಗಾಳಿ. ಒಂದು ಬೀಸಿಗೆ ಹರಿಗೋಲು ಆತನನ್ನು ಬದುವಿನಿಂದ ಕೆಳಕ್ಕೆ ತಳ್ಳಲು ನೋಡಿತು. ಹುಡುಗ ಗಾಳಿ ಬರುವ ಮೊದಲೇ, ದೂರದ ಬತ್ತದ ತೆನೆಗಳು ಬಾಗಿದ್ದನ್ನು ಕಂಡು, "ಗಾಳಿ ಬಂತ, ಕೂಡು" ಎಂದು ಕೂಗುತ್ತಿದ್ದ. ಆತ ಕೂಡಲೆ ಕುಕ್ಕರಿಸುತ್ತಿದ್ದ. ಗಾಳಿ ಬೋರಲು ಬುಟ್ಟಿಯ ಮೇಲೆ ಹಾಯ್ದು ಹೋಗುತ್ತಿತ್ತು. ದಣಿದಾಗ ಎತ್ತರದ ಒಡ್ಡಿಗೆ ಬೆನ್ನು ಮಾಡಿ, ಅಂಚನ್ನು ಅದರ ಮೇಲೆ ಊರಿ, ಕೆಳಗಿನಿಂದ ಮೆಲ್ಲಗೆ ಹೊರಬರುತ್ತಿದ್ದ. ಮತ್ತೆ ಹೊರಡುವಾಗ ನೆಲದಿಂದ ಎತ್ತುವ ಶ್ರಮ ತಪ್ಪುತ್ತಿತ್ತು. ನಾಲ್ಕು ಸಲ ಹೀಗೆ ಇಳಿಸಿ, ಹೊತ್ತು ಇಳಿಯುವಾಗ ಎರಡನೆಯ ಕೆರೆ ಮುಟ್ಟಿದೆವು.

ಮೂರನೆಯ ದಿನ ನೀರಿನೊಳಗಿನ ಮರದ ಮೋಟಿಗೆ ತಾಗಿ ಹರಿಗೋಲಿನ ಅಡಿ ಹರಿಯಿತು. ಪಾದ ತೋಯುವ ಮೊದಲೇ ಹುಡುಗ ತನ್ನ ಅಂಗಿಯನ್ನು ತೂತಿಗೆ ತುರುಕಿದ. ದಂಡೆಗೆ ಬಂದು ಹಳೆಯ ಡಬ್ಬಿಯಲ್ಲಿ ಡಾಂಬರು ಕಾಯಿಸಿ, ಚೀಲದ ತುಂಡನ್ನು ಇಟ್ಟು ತೇಪೆ ಹಾಕಿದವನೂ ಅವನೇ. ಕೆನಡಾದ ಅಂಬಿಗರು ಮರದ ಅಂಟನ್ನು ಸದಾ ಜೊತೆಗೆ ಒಯ್ಯುತ್ತಿದ್ದದ್ದು ನನಗೆ ನೆನಪಾಯಿತು. ತೇಪೆ ಆರುವವರೆಗೆ ಅವನನ್ನು ಮಾತಿಗೆಳೆದೆ. ಆರನೆಯ ಇಯತ್ತೆ. ಹೆಸರು ಊರಿನ ಶಾಲೆಯ ಹಾಜರಿಯಲ್ಲಿದೆ. ಗಣೇಶನ ಹಬ್ಬದ ಮೇಲೆ ಶಾಲೆಯ ಮುಖ ನೋಡಿಲ್ಲ. ಕೆರೆಗಳ ಸುತ್ತು ಮುಗಿಯುವುದು ನೀರು ಇಂಗಿದ ಮೇಲೆ. ನನ್ನ ರೊಟ್ಟಿ ಸುತ್ತಿದ್ದ ವರ್ತಮಾನಪತ್ರಿಕೆಯನ್ನು ಕೊಟ್ಟೆ. ದಪ್ಪಕ್ಷರಗಳನ್ನು ಓದಿದ, ಸಣ್ಣಕ್ಷರಗಳಲ್ಲಿ ಒತ್ತಕ್ಷರ ಬಂದಲ್ಲೆಲ್ಲ ನಿಂತ. ಅರ್ಧ ಮೈಲಿ ಆಚೆಯ ತೆನೆ ಬಾಗಿದ್ದನ್ನು ಕಾಣುವ ಕಣ್ಣು 'ರಾಷ್ಟ್ರ' ಎಂಬ ಪದದ ಮುಂದೆ ತಡವರಿಸಿತು.

ತಂದೆಗೆ ನಾನು ಮಾಸ್ತರನ ದನಿಯಲ್ಲಿಯೇ ಹೇಳಿರಬೇಕು. ಆತ ಸಿಟ್ಟಾಗಲಿಲ್ಲ. "ಸಾಲಿಗೆ ಕಳಸೂದಿಲ್ಲ ಅಂತಲ್ರೀ ಗುರುಗಳ. ಇವ ಮುಂದ ಇಲ್ಲಂದ್ರ ನಾ ಎಲ್ಲಿ ಕಾಲಿಡ್ಲಿ?" ಎಂದ. ತಾಯಿ ಬಲೆಯ ಗಂಟು ಬಿಚ್ಚುತ್ತಾ, "ನಾ ಮುಂದ ನಡದೇನು. ಬಲಿ ಯಾರು ಹೊರಬೇಕ್ರೀ?" ಎಂದಳು. ಈ ಎರಡು ಪ್ರಶ್ನೆಗಳಿಗೂ ನನ್ನ ಬಳಿ ಉತ್ತರವಿರಲಿಲ್ಲ.

ಇದು ಒಂದು ಮನೆಯ ಮಾತಲ್ಲ. ಮೈಸೂರು ಜಿಲ್ಲೆಯ ಹುಣಸೂರಿನ ಕಡೆಯ ಮೀನುಗಾರ ಸಂಸಾರಗಳು ಹರಿಗೋಲುಗಳೊಡನೆ ಕೇರಳದ ಹಿನ್ನೀರುಗಳವರೆಗೆ ಹೋಗುತ್ತವೆ. ದಂಡೆಯಲ್ಲಿ ತಾಡಪಾಲಿನ ಕೆಳಗೆ ವಾಸ. ಕೆರೆಯಿಂದ ಕೆರೆಗೆ ಹೋಗುವಾಗ ಸಾಮಾನಿನ ಜೊತೆಗೆ ಮಕ್ಕಳೂ ಹೋಗುತ್ತಾರೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವನ್ನು ವರ್ಷದ ನಡುವೆ ಬಂತೆಂದು ಶಾಲೆ ತಿರುಗಿ ಕಳಿಸುವಂತಿಲ್ಲ. ವರ್ಗಾವಣೆಯ ಪತ್ರ ತಡವಾದರೂ ಸೇರಿಸಿಕೊಳ್ಳಬೇಕು. ಪಟ್ಟಣಗಳಲ್ಲಿ ಕಟ್ಟಡದ ಕೂಲಿಯವರ ಮಕ್ಕಳಿಗೆಂದು ಟೆಂಟ್ ಶಾಲೆಗಳನ್ನು ನಡೆಸಿದ್ದೂ ಉಂಟು. ಆದರೆ ಕಟ್ಟಡವೊಂದು ತಿಂಗಳುಗಟ್ಟಲೆ ನಿಂತಲ್ಲಿ ನಿಂತಿರುತ್ತದೆ. ಹರಿಗೋಲು ಒಂದು ಕೆರೆಯಲ್ಲಿ ನಿಲ್ಲುವುದು ಹೆಚ್ಚೆಂದರೆ ಹತ್ತು ದಿನ. ಆ ಹತ್ತು ದಿನಕ್ಕೆ ದಂಡೆಯ ಊರಿನ ಶಾಲೆ ಹುಡುಗನನ್ನು ಒಳಗೆ ಕೂರಿಸಿಕೊಂಡು, ಹೊರಡುವಾಗ ಇಷ್ಟು ದಿನ ಬಂದಿದ್ದನೆಂದು ಒಂದು ಚೀಟಿ ಬರೆದುಕೊಟ್ಟರೆ, ಮುಂದಿನ ಊರಿನ ಮಾಸ್ತರರು ಅದನ್ನು ನೋಡಿ ಪಾಠ ಮುಂದುವರಿಸಬಹುದು. ಇದಕ್ಕೆ ಹೊಸ ಕಟ್ಟಡ ಬೇಡ, ಅನುದಾನ ಬೇಡ. ಹಾಜರಿ ಪುಸ್ತಕದ ಹಿಂಬದಿಯ ಒಂದು ಹಾಳೆ ಸಾಕು. ಕೆರೆ ಇರುವ ಊರುಗಳ ಶಿಕ್ಷಕ ಬಂಧುಗಳು ಈ ಮಾತು ಕೇಳುತ್ತಿದ್ದರೆ, ದಂಡೆಯಲ್ಲಿ ಬೋರಲು ಬಿದ್ದ ಹರಿಗೋಲು ಕಂಡ ದಿನ ಅತ್ತ ಒಂದು ಗಳಿಗೆ ನಡೆದು ಹೋಗಿರೆಂದು ಬೇಡಿಕೊಳ್ಳುತ್ತೇನೆ.

ಆ ಸಂಜೆ ನಾನು ದಂಡೆಯ ಊರಿನ ಶಾಲೆಯ ಮುಖ್ಯೋಪಾಧ್ಯಾಯಿನಿಯವರ ಮನೆಗೆ ಹೋದೆ. ಅವರು ಕಾಯಿದೆಯ ಮಾತು ಎತ್ತಲು ನನಗೆ ಅವಕಾಶವನ್ನೇ ಕೊಡಲಿಲ್ಲ. "ನಾಳೆ ಸಾಲಿ ಸುರು ಆಗತಾವ್ರಿ. ಕಳಸ್ರಿ ಅವನ್ನ, ಮುಂಜಾನೆ ಹಾಲೂ ಐತಿ, ಮಧ್ಯಾಹ್ನ ಊಟಾನೂ ಐತಿ" ಎಂದರು. ಮರುದಿನ ಮೊದಲ ಬಸ್ಸಿಗೆ ನಾನು ನನ್ನ ಶಾಲೆಗೆ ಹೊರಡಬೇಕಾಗಿತ್ತು. ಬಸ್ಸಿಗೆ ಕಾಯುತ್ತಿರುವಾಗ ಹುಡುಗ ಕೆರೆಯ ಕಡೆಯಿಂದ ಬಂದ. ಬಲೆ ಎತ್ತಿ ಬಂದಿದ್ದ. ತಲೆಗೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅಂಗಿಗೆ ಡಾಂಬರಿನ ಕಲೆ ಹಾಗೆಯೇ ಇತ್ತು. ಶಾಲೆ ಯಾವ ಕಡೆ ಎಂದು ನನ್ನನ್ನು ಕೇಳದೆ, ಮಕ್ಕಳ ಗದ್ದಲ ಕೇಳಿದ ದಿಕ್ಕಿಗೆ ತಾನೇ ನಡೆದ. ಒಂಬತ್ತು ದಿನ ಹೋದನೆಂದು ಆಮೇಲೆ ಮುಖ್ಯೋಪಾಧ್ಯಾಯಿನಿಯವರು ಫೋನಿನಲ್ಲಿ ತಿಳಿಸಿದರು. ಹತ್ತನೆಯ ದಿನ ಹರಿಗೋಲು ಮೂರನೆಯ ಕೆರೆಗೆ ಹೊರಟಿತು. ಬಲೆಯ ಗಂಟನ್ನು ಬಸ್ಸಿನ ಮೇಲೆ ಹಾಕಿ ಕಳಿಸಬಹುದೆಂದು ಅವರು ತಂದೆತಾಯಿಗೆ ಹೇಳಿ ನೋಡಿದರಂತೆ. ಬಸ್ಸಿನ ದಾರಿ ಆ ಕೆರೆಗೆ ಎರಡು ಮೈಲಿ ದೂರದಲ್ಲಿಯೇ ನಿಲ್ಲುತ್ತದೆ. ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯ ಜೇಬಿಗಿಟ್ಟುಕೊಂಡು, ಹುಟ್ಟನ್ನು ಹೆಗಲಿಗೇರಿಸಿ, ಹುಡುಗನೇ ಮುಂದೆ ನಡೆದನಂತೆ.